ಬಲಭುಜದ ಮುತ್ತುಗಳು

ಫೆಹೇರ್ವಾರ್ ಪಟ್ಟಣದ ಕಸೂತಿಗಾರ್ತಿ ಅಪೊಲೋನಿಯ ಮೂವತ್ತು ವರ್ಷ ರಾಣಿಯರ ಉಡುಪಿಗೆ ಸೂಜಿ ಹಿಡಿದವಳು. ಪಟ್ಟಾಭಿಷೇಕದ ದಿನ ರಾಣಿಯ ತಲೆಗೆ ಅವಳದೇ ಬೇರೆ ಕಿರೀಟ. ರಾಜನ ಪವಿತ್ರ ಕಿರೀಟವನ್ನು ಅವಳ ಬಲಭುಜಕ್ಕೆ ಮುಟ್ಟಿಸಿ ತೆಗೆಯುತ್ತಾರೆ, ಅಷ್ಟೇ. ಆ ಕಿರೀಟದ ಅಂಚಿಗೆ ಸಣ್ಣ ಸರಪಳಿಗಳು ತೂಗಾಡುತ್ತವೆ. ಆದ್ದರಿಂದ ಪರದೇಶದಿಂದ ಬಂದ ಮದುಮಗಳ ಉಡುಪಿನ ಬಲಭುಜದಲ್ಲಿ ಮುತ್ತುಗಳಿದ್ದರೆ ಬಿಚ್ಚಿಬಿಡಬೇಕು.

ಇಪ್ಪತ್ತರ ಹರೆಯದಲ್ಲಿ ಅಪೊಲೋನಿಯಗೆ ಮೊದಲ ಸಲ ಆ ಕೆಲಸ ಬಂದಾಗ, ಒಂದು ಮುತ್ತಿನ ಹೂವನ್ನು ಬಿಚ್ಚಲು ಮನಸ್ಸಾಗಲಿಲ್ಲ, ಹಾಗೇ ಬಿಟ್ಟಳು. ಮರುದಿನ ಪಟ್ಟಾಭಿಷೇಕದಲ್ಲಿ ಸರಪಳಿ ಆ ಹೂವಿಗೇ ಸಿಕ್ಕಿಕೊಂಡಿತು. ಕಿರೀಟ ಹಿಡಿದಿದ್ದ ಬಿಷಪ್ ಎಳೆದರು. ದಾರ ಕಿತ್ತು ಮುತ್ತುಗಳು ಕಲ್ಲುಹಾಸಿನ ಮೇಲೆ ಚೆಲ್ಲಿದವು. "ಕಿರೀಟವೇ ಅವಳನ್ನ ಒಪ್ಲಿಲ್ಲ" ಎಂದು ಊರು ಆಡಿಕೊಂಡಿತು. ರಾಣಿಗೆ ಮಕ್ಕಳಾಗಲಿಲ್ಲ, ಅರಮನೆಯೂ ಅದೇ ಮಾತು ಹಿಡಿದು ಆರನೆಯ ವರ್ಷ ಅವಳನ್ನು ತವರಿಗೆ ಕಳಿಸಿತು. ರಾಣಿಯ ಜೊತೆ ತವರಿನಿಂದ ಬಂದಿದ್ದ ದಾಸಿಯರು ಹೂವನ್ನು ಮತ್ತೆ ಹೊಲಿದರೆಂದು ಅಪೊಲೋನಿಯ ಹೇಳಿದ್ದ ಸುಳ್ಳನ್ನು ಯಾರೂ ಕೆದಕಲಿಲ್ಲ.

ಮೂವತ್ತು ವರ್ಷಗಳ ಮೇಲೆ ಬವೇರಿಯದಿಂದ ಹೊಸ ಮದುಮಗಳು ಬಂದಳು. ಹದಿನೇಳರ ಹುಡುಗಿ. ಬಲಭುಜದ ತುಂಬ ಮುತ್ತು. ಅವಳ ದಾಸಿ ಕುನಿಗುಂಡೆ ಉಡುಪನ್ನು ಬಿಡಲೊಲ್ಲಳು.

"ಅಜ್ಜಿ ಕಾಲದ ಮುತ್ತಿವು. ಕತ್ತರಿ ತಾಗಿಸಿದ್ರೆ ನಿನ್ನ ಬೆರಳು ಉಳಿಯಲ್ಲ, ಮುದುಕಿ."

"ಹೋದ್ರೆ ಹೋಗ್ಲಿ ಬಿಡವ್ವ, ಹೇಗೂ ಸವೆದೇ ಹೋಗಿವೆ."

ಕಸೂತಿಮನೆಯ ಯಜಮಾನಿ ಡೊರೊಟ್ಯಾ ನಡುವೆ ಬಾಯಿ ಹಾಕಿದಳು: "ಇದು ನಮ್ಮ ಪದ್ಧತಿ ಕಣಮ್ಮ."

"ಪದ್ಧತಿಯಂತೆ! ಹಿಂದೊಬ್ಬಳನ್ನ ಕಿರೀಟವೇ ಒಪ್ಪಲಿಲ್ಲವಂತಲ್ಲ? ಅದು ದೇವರ ಚಿತ್ತ. ಮುತ್ತು ಏನು ಮಾಡೀತು?"

ಅಪೊಲೋನಿಯ ಕತ್ತರಿ ಕೆಳಗಿಟ್ಟಳು. ಈಗ ಸುಮ್ಮನಿದ್ದರೆ ಇನ್ನೊಬ್ಬಳ ಬದುಕೂ ಅದೇ ಕಲ್ಲುಹಾಸಿನ ಮೇಲೆ ಚೆಲ್ಲಬಹುದು. ಬಾಯಿಬಿಟ್ಟರೆ ಅನ್ನ ಹೋಗುತ್ತದೆ.

"ದೇವರ ಚಿತ್ತ ಅಲ್ಲವ್ವ, ನನ್ನ ಸುಳ್ಳು. ಬಿಚ್ಚು ಅಂದಿದ್ರು. ಚೆನ್ನಾಗಿದೆ ಅಂತ ಒಂದು ಹೂವು ಬಿಟ್ಟೆ, ಕಿರೀಟದ ಸರಪಳಿ ಅದಕ್ಕೇ ಸಿಕ್ಕಿಕೊಳ್ತು. ಕೇಳ್ದಾಗ ತವರಿನೋರ ಮೇಲೆ ಹಾಕ್ದೆ."

ಕುನಿಗುಂಡೆ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದ ಮೇಲೆ, ಕಿಟಕಿಯ ಬಳಿಯಿದ್ದ ಹುಡುಗಿ ಅವಳ ಮೂಲಕ ಒಂದೇ ಪ್ರಶ್ನೆ ಕೇಳಿಸಿದಳು: "ಆ ರಾಣಿ ಈಗೆಲ್ಲಿದ್ದಾರೆ?"

"ತವರಿನ ಮಠದಲ್ಲಿ ತೀರಿಕೊಂಡ್ರು, ತಾಯಿ."

ಹುಡುಗಿ ತಾನೇ ಉಡುಪನ್ನು ಎತ್ತಿ ಅಪೊಲೋನಿಯಳ ಮಡಿಲಿಗೆ ಹಾಕಿದಳು. ಬಿಚ್ಚಿ ಮುಗಿದ ಮೇಲೆ ಡೊರೊಟ್ಯಾ ಕೈ ಚಾಚಿ, "ಸೂಜಿಡಬ್ಬಿ ಕೊಟ್ಟು ಹೋಗು" ಎಂದಳು. ಅಪೊಲೋನಿಯ ಕೊಟ್ಟು ಹೋದಳು.

ಮರುದಿನ ಕಿರೀಟ ಬಲಭುಜವನ್ನು ಮುಟ್ಟಿತು, ಮೇಲೆದ್ದಿತು. ಅಪೊಲೋನಿಯ ಅದನ್ನು ನೋಡಲಿಲ್ಲ. ಉಳಿದ ವರ್ಷಗಳಲ್ಲಿ ಗಿರಣಿಯವರ ಗೋಣಿಚೀಲಗಳಿಗೆ ತೇಪೆ ಹಾಕಿ ಬರಗಿನ ಗಂಜಿ ಉಂಡಳು.

ಬವೇರಿಯದಿಂದ ಬಂದ ರಾಣಿಗೂ ಮಕ್ಕಳಾಗಲಿಲ್ಲ. ಆದರೆ ಕಿರೀಟ ಒಪ್ಪಲಿಲ್ಲವೆಂದು ಹೇಳಲು ಯಾರಿಗೂ ಎಡೆಯಿರಲಿಲ್ಲ. ಅವಳನ್ನು ತವರಿಗೆ ಕಳಿಸಲಿಲ್ಲ.