ನಿಲ್ಲಿಸಿ ತೆಗೆದ ಅಳತೆ

ಇದು ನನಗೆ ಅರವತ್ತಾರು ತುಂಬಿದ ವರ್ಷದ ಮಾತು. ಆಗ ನಾನು ಇಸ್ಸಾಕ್ವಾ ಎಂಬ ಪರದೇಶದ ಊರಿನಲ್ಲಿ, ಹೆದ್ದಾರಿ ಪಕ್ಕದ ಶೆಡ್ಡುಗಳ ಸಾಲಿನಲ್ಲಿ, ಡೇಲ್ ಎಂಬವನ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಬ್ಲೌಸು, ಲಂಗ ಹೊಲಿಯುತ್ತಿರಲಿಲ್ಲ. ಮೋಟಾರ್ ಸೈಕಲ್ಲಿನವರ ಚರ್ಮದ ಕೋಟು, ದೋಣಿಯ ಹೊದಿಕೆ, ಕಾರ್ ರೇಸಿನವರ ಸೂಟು, ಇವೇ ಕೆಲಸ. ಮೂವತ್ತು ವರ್ಷ ಮೈಸೂರಿನಲ್ಲಿ ಹೊಲಿದವಳು ನಾನು. ಮಗಳ ಮನೆಗೆಂದು ಬಂದು ಇಲ್ಲಿ ಹನ್ನೊಂದು ವರ್ಷ ಹೊಲಿದೆ. ಈಗ ಕೈ ನಡುಗುತ್ತದೆ, ಬಿಟ್ಟಿದ್ದೇನೆ. ಹೊಲಿದ ಬಟ್ಟೆಗಳಲ್ಲಿ ಮುಕ್ಕಾಲು ಪಾಲು ಮರೆತುಹೋಗಿವೆ. ಎಸ್ಕೊನ ಸೂಟು ಮಾತ್ರ ಮರೆತಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇದನ್ನು ಬರೆದದ್ದು ನಾನೇ, ಒತ್ತು ದೀರ್ಘ ತಿದ್ದಿದ್ದು ಐರಿನ್. ಐರಿನ್ ಉಡುಪಿ ಕಡೆಯವಳು, ಅದೇ ಅಂಗಡಿಯ ಕೌಂಟರಿನಲ್ಲಿ ಕೂರುತ್ತಿದ್ದಳು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಗಿರಾಕಿ ಹೇಳಿದ್ದನ್ನು ಅವಳು ನನಗೆ ಹೇಳುವಳು, ನಾನು ಬೈದದ್ದನ್ನು ಸ್ವಲ್ಪ ಸಕ್ಕರೆ ಸೇರಿಸಿ ಗಿರಾಕಿಗೆ ಹೇಳುವಳು. ಡೇಲ್‌ಗೆ ಐರಿನ್ ಕೂಡ ಬೇಕಿರಲಿಲ್ಲ. ಕೆಲಸದ ಚೀಟಿಯಲ್ಲಿ ನನಗಾಗಿ ಚಿತ್ರ ಬರೆಯುತ್ತಿದ್ದ. ಸೂಜಿಯ ಚಿತ್ರ ಇದ್ದರೆ ಹೊಲಿಯಬೇಕು, ಕತ್ತರಿಯ ಚಿತ್ರ ಇದ್ದರೆ ಒಳಗಿನ ಹೆಚ್ಚು ಬಟ್ಟೆ ಕತ್ತರಿಸಿ ತೆಗೆಯಬೇಕು.

ರೇಸ್ ಸೂಟು ಎಂದರೆ ಕತ್ತಿನಿಂದ ಕಾಲಿನವರೆಗೆ ಒಂದೇ ಉಡುಪು. ಬೆಂಕಿ ಹತ್ತಿದರೆ ಡ್ರೈವರ್ ಹೊರಬರುವಷ್ಟು ಹೊತ್ತು ಮೈ ಕಾಯಬೇಕು, ಅದಕ್ಕೆ ಮೂರು ಪದರ. ಅದರ ಮೇಲೆ ಹಾರ್ನೆಸ್ ಎಂಬ ಬೆಲ್ಟುಗಳು ಬರುತ್ತವೆ. ಎರಡು ಹೆಗಲ ಮೇಲೆ, ಎರಡು ಸೊಂಟದ ಮೇಲೆ, ಕೆಳಗಿನಿಂದಲೂ ಒಂದೆರಡು. ನಮ್ಮ ಮನೆಯ ಕಾರಿನ ಬೆಲ್ಟಿನ ಹಾಗಲ್ಲ. ಇನ್ನೊಬ್ಬ ನಿಂತು, ಡ್ರೈವರ್ ಉಸಿರು ಹಿಡಿದಾಗ ಎಳೆದು ಬಿಗಿಯುತ್ತಾನೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ತಪ್ಪು ಇದು.

ಎಸ್ಕೊ ಫಿನ್‌ಲ್ಯಾಂಡಿನವನು, ಆಗ ನಲವತ್ತೊಂದು ವಯಸ್ಸು. ಏಳು ವರ್ಷದವನಿದ್ದಾಗ ಹೆಪ್ಪುಗಟ್ಟಿದ ಕೆರೆಯ ಮೇಲೆ ಪುಟ್ಟ ಕಾರು ಓಡಿಸಿ ಶುರು ಮಾಡಿದನಂತೆ. ಯುರೋಪಿನಲ್ಲಿ ಹತ್ತು ವರ್ಷ ಓಡಿಸಿದ. ದೊಡ್ಡ ರೇಸಿನ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸು ಬಂದವನು. ಆಮೇಲೆ ಒಂದು ಅಪಘಾತದಲ್ಲಿ ಬೆನ್ನಿಗೆ ಪೆಟ್ಟಾಗಿ, ಮೂರು ವಾರ ಕಾಲುಗಳಲ್ಲಿ ಸ್ಪರ್ಶವೇ ಇರಲಿಲ್ಲ. ಆಗ ಹೆಂಡತಿಗೆ ಮಾತು ಕೊಟ್ಟಿದ್ದ: ಮತ್ತೊಂದು ಸಲ ಕಾಲು ಜೋಮು ಹಿಡಿದರೆ ಅವತ್ತೇ ಇಳಿದುಬರುತ್ತೇನೆ, ಮತ್ತೆ ಹತ್ತುವುದಿಲ್ಲ. ಹೆಂಡತಿ ಇಲ್ಲಿಯವಳು, ಮನೆ ಮರ್ಸರ್ ಐಲ್ಯಾಂಡಿನಲ್ಲಿ. ವಾರದ ಕೊನೆಯಲ್ಲಿ ಹವ್ಯಾಸಕ್ಕೆ ಕಾರು ಓಡಿಸುವವರಿಗೆ ಕಲಿಸುತ್ತಿದ್ದ. ಅವನ ಸೂಟುಗಳು ನಾಲ್ಕು ವರ್ಷದಿಂದ ನನ್ನ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಬಂದರೆ ತಲೆ ಅಲ್ಲಾಡಿಸುವನು, ಹೋಗುವಾಗ ಇನ್ನೊಮ್ಮೆ ಅಲ್ಲಾಡಿಸುವನು.

"ನೀವು ಬಾಯಿ ತೆರೆದರೆ ಬೈಗಳು, ಇವರು ತೆರೆಯುವುದೇ ಇಲ್ಲ. ನಡುವೆ ನನ್ನ ಗಂಟಲು ಹೋಯ್ತು ಬೀಬಿಯಮ್ಮ" ಎನ್ನುತ್ತಿದ್ದಳು ಐರಿನ್.

ಆ ವರ್ಷ ಮಾತ್ರ ಅವನು ನಗುತ್ತಾ ಬಂದ. ಒಂದು ಎಂಡ್ಯೂರೆನ್ಸ್ ತಂಡ ಅವನನ್ನು ಕಾರು ಓಡಿಸಿ ತೋರಿಸುವ ಟೆಸ್ಟಿಗೆ ಕರೆದಿತ್ತು. ಎಂಡ್ಯೂರೆನ್ಸ್ ರೇಸ್ ಎಂದರೆ ದಿನವಿಡೀ ಓಡುವ ರೇಸು. ಒಂದೇ ಕಾರನ್ನು ಮೂವರು ಸರದಿಯ ಮೇಲೆ ಓಡಿಸುತ್ತಾರೆ. ಆ ಸರದಿಗೆ ಸ್ಟಿಂಟ್ ಎಂದು ಹೆಸರು. ತಂಡದಲ್ಲಿ ಉಳಿದಿದ್ದ ಜಾಗ ಒಂದು. ಸಿಕ್ಕರೆ ಇನ್ನು ನಾಲ್ಕೈದು ವರ್ಷ ರೇಸು, ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಆ ವಯಸ್ಸಿನವನನ್ನು ಇನ್ನೊಬ್ಬರು ಕರೆಯುವುದಿಲ್ಲ. ತಂಡ ಅವನ ಹಳೆಯ ಅಳತೆಗೆ ಹೊಸ ಸೂಟು ಕಳಿಸಿತ್ತು. ಅವನು ಅಷ್ಟರಲ್ಲಿ ಹನ್ನೆರಡು ಕಿಲೋ ಇಳಿಸಿದ್ದ. ಬೇರೆ ಸೂಟು ಬರಲು ಆರು ವಾರ ಬೇಕು, ಟೆಸ್ಟಿಗೆ ಒಂಬತ್ತು ದಿನ ಇತ್ತು.

ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿದೆ. ಸೊಂಟ ಮೂವತ್ತಾರು ಇದ್ದದ್ದು ಮೂವತ್ತೆರಡಕ್ಕೆ ಬಂದಿತ್ತು.

"ಇದೇನಮ್ಮ ಇವನು, ಟೈಫಾಯ್ಡ್ ಬಂದೋನ ತರ ಆಗವ್ನೆ" ಎಂದೆ.

"ಅವರೆದುರಿಗೇ ಹೇಳುವುದಾ? ಕಾಯಿಲೆ ಅಲ್ಲ ಮಾರಾಯ್ರೆ, ಬೇಕಂತಲೇ ಇಳಿಸಿದ್ದು. ಹಗುರ ಇದ್ದರೆ ಕಾರು ಬೇಗ ಓಡ್ತದಂತೆ."

"ಓಡ್ಲಿ ಬಿಡು. ರೇಸ್ ಮುಗಿದ ಮೇಲೆ ಹೆಂಡ್ತಿ ಊಟ ಹಾಕ್ತಾಳಲ್ಲ, ಆಗ ಈ ಸೂಟ್ ಯಾರ್ ಬಿಚ್ಚೋದು?"

ಐರಿನ್ ಏನು ಹೇಳಿದಳೋ, ಎಸ್ಕೊ ಜೋರಾಗಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೂಟಿನ ಹಿಂಭಾಗದಲ್ಲಿ ಎಳೆದರೆ ಹಿಗ್ಗುವ ಪಟ್ಟಿ ಇತ್ತು, ಪಕ್ಕದಲ್ಲಿ ತಂಡದ ಬಣ್ಣದ ಗೆರೆ ಇತ್ತು. ಎರಡನ್ನೂ ಮುಟ್ಟುವ ಹಾಗಿರಲಿಲ್ಲ. ಉಳಿದದ್ದು ಮುಂದೆ, ಜೇಬಿನ ಹತ್ತಿರ, ಎರಡೂ ಕಡೆಯ ಸೊಂಟದ ಮೂಳೆಯ ನೇರಕ್ಕೆ. ಅಲ್ಲೇ ಹಿಡಿದು ಹೊಲಿದೆ. ಒಂದೊಂದು ಕಡೆ ಎರಡು ಇಂಚು ಒಳಗೆ ಹೋಯಿತು. ಚೀಟಿಯಲ್ಲಿ ಡೇಲ್ ಕತ್ತರಿಯ ಚಿತ್ರ ಬರೆದಿದ್ದ. ದೊಡ್ಡದಾಗಿಯೇ ಬರೆದಿದ್ದ.

ನಾನು ಕತ್ತರಿಸಲಿಲ್ಲ. ಮೈಸೂರಿನಲ್ಲಿ ಮೂವತ್ತು ವರ್ಷ ಮಾರ್ಜಿನ್ ಬಿಟ್ಟೇ ಹೊಲಿದವಳು. ಮಾರ್ಜಿನ್ ಅಂದರೆ ಹೊಲಿಗೆಯ ಒಳಗೆ ಉಳಿಸುವ ಬಟ್ಟೆ. ಮಗು ಬೆಳೆದರೆ ಬಿಚ್ಚಬಹುದು, ಬಾಣಂತಿ ದಪ್ಪವಾದರೆ ಬಿಚ್ಚಬಹುದು. ಮಾರ್ಜಿನ್ ಬಿಡದ ದರ್ಜಿಯ ಹತ್ತಿರ ಹೆಂಗಸರು ಎರಡನೇ ಸಲ ಬರುವುದಿಲ್ಲ. ಇಷ್ಟು ಒಳ್ಳೆಯ ಬಟ್ಟೆಗೆ ಕತ್ತರಿ ಹಾಕು ಎನ್ನುವ ಡೇಲ್‌ಗೆ ಏನು ಗೊತ್ತು ಅಂದುಕೊಂಡೆ. ಒಳಗಿನ ಬಟ್ಟೆಯನ್ನು ಮಡಚಿ, ಇಸ್ತ್ರಿ ಒತ್ತಿ, ಕಾಣದ ಹಾಗೆ ಟಾಕಾ ಹಾಕಿದೆ. ಮೂರು ಪದರದ ಬಟ್ಟೆ ಮಡಚಿದರೆ ಆರು ಪದರ. ಅವನು ಹಾಕಿಕೊಂಡು ನಿಂತ. ಮೈಗೆ ಅಂಟಿದ ಹಾಗೆ ಕೂತಿತ್ತು. ಹೆಬ್ಬೆರಳು ಎತ್ತಿ ತೋರಿಸಿ ಹೋದ.

ಅವನನ್ನು ನಾನು ಕೂರಿಸಲಿಲ್ಲ. ಕೂತು ಮಾಡುವ ಕೆಲಸದವನಿಗೆ ನಿಲ್ಲಿಸಿ ಅಳತೆ ತೆಗೆದೆ, ನಿಲ್ಲಿಸಿ ಫಿಟ್ಟಿಂಗ್ ನೋಡಿದೆ, ನಿಲ್ಲಿಸಿಯೇ ಕಳಿಸಿದೆ.

ಎರಡು ತಿಂಗಳ ಮೇಲೆ ಅವನು ಅದೇ ಸೂಟನ್ನು ಕೈಯಲ್ಲಿ ಹಿಡಿದು ಬಂದ. ತಂಡದ ಹೆಸರಿನ ಪಟ್ಟಿಗಳನ್ನು ಬಿಚ್ಚಿಕೊಡಬೇಕು, ಕಲಿಸುವಾಗ ಹಾಕಿಕೊಳ್ಳುತ್ತೇನೆ ಎಂದ. ಐರಿನ್ ಕೇಳಿದಳು, ಜಾಗ ಸಿಗಲಿಲ್ಲವಾ ಎಂದು. ಅವನು ಅವತ್ತು ಮಾತಾಡಿದ, ನಾಲ್ಕು ವರ್ಷದ್ದನ್ನೆಲ್ಲ ಸೇರಿಸಿ ಮಾತಾಡಿದ. ಐರಿನ್ ಒಂದೊಂದೇ ನನಗೆ ಹೇಳುತ್ತಾ ಹೋದಳು.

ಟೆಸ್ಟಿನಲ್ಲಿ ಮೊದಲ ಸ್ಟಿಂಟ್ ಚೆನ್ನಾಗಿ ಹೋಯಿತಂತೆ. ಎರಡನೆಯದರಲ್ಲಿ ಎಡತೊಡೆ ಉರಿಯಲು ಶುರುವಾಯಿತು, ಆಮೇಲೆ ಸ್ಪರ್ಶವೇ ಹೋಯಿತು. ರೇಸ್ ಕಾರಿನಲ್ಲಿ ಬ್ರೇಕ್ ಒತ್ತುವುದು ಎಡಗಾಲಿನಲ್ಲೇ. ಕೊಟ್ಟ ಮಾತು ನೆನಪಾಗಿ ತಾನೇ ಕಾರು ಒಳಗೆ ತಂದು ನಿಲ್ಲಿಸಿದ. ಬೆನ್ನಿನ ತೊಂದರೆ ಮರಳಿ ಬಂತು ಎಂದು ತಂಡಕ್ಕೆ ತಾನೇ ಹೇಳಿದ. ಜಾಗ ಬೇರೆಯವನಿಗೆ ಹೋಯಿತು. ಆಮೇಲೆ ಡಾಕ್ಟರು ಬೆನ್ನಿನ ಸ್ಕ್ಯಾನ್ ಮಾಡಿದರೆ ಹೊಸದೇನೂ ಇಲ್ಲ.

"ಬೆನ್ನು ಸರಿ ಉಂಟಂತೆ ಬೀಬಿಯಮ್ಮ" ಐರಿನ್ ತಗ್ಗಿದ ದನಿಯಲ್ಲಿ ಹೇಳಿದಳು. "ಅದು ಹೆದರಿಕೆಯಂತೆ. ಒಳಗೆ ಹೆದರಿದ್ದೆ, ಅದಕ್ಕೇ ಕಾಲು ಹೋಯ್ತು, ಇನ್ನು ರೇಸಿನ ಹೆಸರೆತ್ತುದಿಲ್ಲ ಅಂತ ಹೇಳ್ತಿದ್ದಾರೆ."

ಅವಳು ಹೇಳುತ್ತಿದ್ದಾಗ ನಾನು ಪಟ್ಟಿ ಬಿಚ್ಚಲು ಸೂಟನ್ನು ಒಳಮೈ ತಿರುಗಿಸಿದ್ದೆ. ನನ್ನ ಮಡಿಕೆ ಕಣ್ಣೆದುರಿಗೇ ಇತ್ತು. ಬೆಲ್ಟು ಕೂತ ಕಡೆ ಹಲಗೆಯ ಹಾಗೆ ಗಟ್ಟಿಯಾಗಿ, ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಎಡಗಡೆಯದು ಇನ್ನೂ ಹೆಚ್ಚು. ಬ್ರೇಕ್ ಒತ್ತಿದಾಗಲೆಲ್ಲ ಆ ತೊಡೆ ಎದ್ದಿದೆ, ಎದ್ದಾಗಲೆಲ್ಲ ಬೆಲ್ಟಿಗೂ ಮೂಳೆಗೂ ನಡುವೆ ಆ ಮಡಿಕೆ ತೊಡೆಯ ನರವನ್ನು ಒತ್ತಿದೆ. ನೋಡಿದ ಕೂಡಲೇ ತಿಳಿಯಿತು. ಅನುಮಾನವಿತ್ತು ಎಂದು ಈಗ ಬರೆದರೆ ಸುಳ್ಳು.

ನಾನು ಹೇಳಲಿಲ್ಲ. ನನಗೆ ಇಂಗ್ಲಿಷ್ ಬಾರದು, ನಿಜ. ಪಕ್ಕದಲ್ಲಿ ಐರಿನ್ ಇದ್ದಳು, ಕನ್ನಡದಲ್ಲಿ ಒಂದು ಮಾತು ಸಾಕಿತ್ತು. ಬೇರೆಯವರು ಹೊಲಿಗೆ ಕೆಡಿಸಿದಾಗ ಇಡೀ ಅಂಗಡಿಗೆ ಕೇಳುವ ಹಾಗೆ ಬೈಯುತ್ತಿದ್ದವಳು ನಾನು. ಕಷ್ಟದ ಕೆಲಸ ಬಂದರೆ ಡೇಲ್ ನನ್ನ ಮೇಜಿಗೇ ತಂದಿಡುತ್ತಿದ್ದ. ಆ ಹೆಸರು ಹೋಗುತ್ತದೆ ಎನ್ನುವುದು ಒಂದೇ ಕಾರಣ, ಬೇರೆ ಕಾರಣ ಇಲ್ಲ. ನಾಳೆ ಬಾ ಎಂದು ಅವನನ್ನು ಕಳಿಸಿದೆ. ಆ ಮಧ್ಯಾಹ್ನವೇ ಟಾಕಾ ಬಿಚ್ಚಿ, ಒಳಗಿನ ಬಟ್ಟೆ ಕತ್ತರಿಸಿ, ಅಂಚು ನೀಟಾಗಿ ಹೊಲಿದುಬಿಟ್ಟೆ. ಮೊದಲೇ ಹಾಗೆ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತೋ ಅಷ್ಟು ಚೆನ್ನಾಗಿ. ಕತ್ತರಿಸಿದ ತುಂಡುಗಳನ್ನು ಬಿಸಾಡಲಿಲ್ಲ. ಬಟ್ಟೆ ಬಿಸಾಡುವ ಅಭ್ಯಾಸ ನನಗಿಲ್ಲ.

ಅವನು ಆ ಸೂಟು ಹಾಕಿಕೊಂಡು ವಾರಾವಾರ ಕಲಿಸಿದ. ಕಾಲು ಒಂದು ದಿನವೂ ಜೋಮು ಹಿಡಿಯಲಿಲ್ಲ. ಮಡಿಕೆಯೇ ಇಲ್ಲವಲ್ಲ, ಹೇಗೆ ಹಿಡಿಯುತ್ತದೆ? ಅವನು ಅದಕ್ಕೆ ತನ್ನದೇ ಅರ್ಥ ಮಾಡಿಕೊಂಡ. ಕಲಿಸುವಾಗ ಭಯವಿಲ್ಲ, ಕಾಲು ಸರಿ ಇದೆ. ಪೈಪೋಟಿಯಲ್ಲಿ ಭಯ, ಅಲ್ಲಿ ಕಾಲು ಹೋಯಿತು. ಅವನು ಐರಿನ್‌ಗೆ ಇದನ್ನೊಮ್ಮೆ ಹೇಳಿದ್ದನಂತೆ. ಮಡಿಕೆ ಮಾಡಿದ ತಪ್ಪಿಗಿಂತ ಅದನ್ನು ಗುಟ್ಟಾಗಿ ತೆಗೆದ ತಪ್ಪು ದೊಡ್ಡದು.

ಒಂದು ಮಡಿಕೆಯಿಂದ ಅಷ್ಟೆಲ್ಲ ಆಗುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡು ಎರಡು ವರ್ಷ ಕಳೆದೆ. ಎರಡನೇ ವರ್ಷದ ಬೇಸಿಗೆಯಲ್ಲಿ ಮಗಳು, ಮೊಮ್ಮಗಳ ಜೊತೆ ಬೆಟ್ಟ ದಾಟಿ ಐದು ಗಂಟೆ ಕಾರಿನಲ್ಲಿ ಹೋದೆವು. ನನ್ನ ಸಲ್ವಾರಿನ ಲಾಡಿಯ ಗಂಟು ಬೆಲ್ಟಿನ ಕೆಳಗೆ ಸಿಕ್ಕಿಕೊಂಡಿತ್ತು. ಇಳಿದಾಗ ತೊಡೆಯ ಹೊರಮೈ ಉರಿಯುತ್ತಿತ್ತು, ಚಿವುಟಿದರೆ ತಿಳಿಯುತ್ತಿರಲಿಲ್ಲ. ಅಲ್ಲೇ ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟೆ. ಮಗಳು ಗಾಬರಿಯಾದಳು, ಅವಳಿಗೆ ಎಲ್ಲ ಹೇಳಿದೆ. ಮೊಮ್ಮಗಳಿಗೆ ಆಗ ಹನ್ನೆರಡು.

"ನಾನಿ, ಡಸ್ ಹೀ ನೋ?" ಎಂದಳು.

"ಇಲ್ಲ."

"ದೆನ್ ಟೆಲ್ ಹಿಮ್." ಇಷ್ಟು ಹೇಳಿ ತನ್ನ ಚೀಲ ಎತ್ತಿಕೊಂಡು ಹೋದಳು.

ಮೊದಲು ಐರಿನ್ ಮೂಲಕ ಡೇಲ್‌ಗೆ ಹೇಳಿದೆ. ಅವನು "ನಾನು ಕತ್ತರಿ ಬರೆದಿದ್ದೆನಲ್ಲ" ಎಂದ. ಇಡೀ ಅಂಗಡಿಗೆ ಕೇಳುವ ಹಾಗೆ ಅವನು ಹೇಳಲಿಲ್ಲ. ಆ ವಾರ ಐರಿನ್ ನನ್ನನ್ನು ಮರ್ಸರ್ ಐಲ್ಯಾಂಡಿಗೆ ಕರೆದುಕೊಂಡು ಹೋದಳು.

ಎಸ್ಕೊ ತನ್ನ ಗ್ಯಾರೇಜಿನಲ್ಲಿ ಹಳೆಯ ರೇಸ್ ಕಾರಿನ ಸೀಟೊಂದನ್ನು ಮರದ ಚೌಕಟ್ಟಿಗೆ ಕೂರಿಸಿ, ಬೆಲ್ಟು ಜೋಡಿಸಿ, ಬ್ರೇಕಿನ ಪೆಡಲ್ ಇಟ್ಟಿದ್ದ. ಕಲಿಯುವವರಿಗೆ ಕೂರುವುದನ್ನು ಅದರಲ್ಲೇ ಹೇಳಿಕೊಡುತ್ತಿದ್ದ. ನಾನು ಹೇಳಿದೆ, ಐರಿನ್ ಹೇಳಿದಳು. ಈ ಸಲ ಸಕ್ಕರೆ ಸೇರಿಸಬೇಡ ಎಂದಿದ್ದೆ. ಬಟ್ಟೆಯ ತುಂಡುಗಳನ್ನು ಅವನ ಕೈಗೆ ಕೊಟ್ಟೆ. ಅವನು ತಿರುಗಿಸಿ ನೋಡಿದ. ಆ ಸೀಟಿನಲ್ಲಿ ಕೂತ. ತುಂಡುಗಳನ್ನು ನಾನು ಮಡಚಿದ್ದ ಹಾಗೆಯೇ ಮಡಚಿ ಎಡಸೊಂಟದ ಮೂಳೆಯ ಮೇಲಿಟ್ಟು, ಬೆಲ್ಟು ಹಾಕಿ, ಉಸಿರು ಹಿಡಿದು ಎಳೆದ. ಪೆಡಲ್ ಒತ್ತಲು ಶುರು ಮಾಡಿದ. ಒತ್ತುವುದು, ಬಿಡುವುದು. ನಾವಿಬ್ಬರು ನಿಂತೇ ಇದ್ದೆವು. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು.

"ನಾವು ಹೋಗುವನಾ ಬೀಬಿಯಮ್ಮ? ನನಗೆ ಇದನ್ನು ನೋಡ್ಲಿಕ್ಕೆ ಆಗುದಿಲ್ಲ" ಎಂದಳು ಐರಿನ್.

"ಸುಮ್ನೆ ನಿಂತ್ಕೋ" ಎಂದೆ.

ಆಮೇಲೆ ಅವನ ಕಾಲು ನಿಂತಿತು. ತೊಡೆಯನ್ನು ಬೆರಳಿನಿಂದ ಒತ್ತಿದ, ಚಿವುಟಿದ. "ಜೋಮು ಬಂತು" ಎಂದ.

ಬೆಲ್ಟು ಬಿಚ್ಚದೆಯೇ ಒಂದು ಪ್ರಶ್ನೆ ಕೇಳಿದ. ಐರಿನ್ ನನ್ನ ಮುಖ ನೋಡಿದಳು. "ಪಟ್ಟಿ ಬಿಚ್ಚಲು ಕೊಟ್ಟ ದಿನವೇ ನಿಮಗೆ ಗೊತ್ತಿತ್ತಾ ಅಂತ ಕೇಳ್ತಿದ್ದಾರೆ. ಎಂತ ಹೇಳ್ಲಿ?"

ಅದಕ್ಕೆ ಐರಿನ್ ಬೇಕಿರಲಿಲ್ಲ. "ಎಸ್" ಎಂದೆ.

"ಎರಡು ವರ್ಷ ನಾನು ಹೇಡಿ ಅಂದುಕೊಂಡಿದ್ದೆ" ಎಂದ. ಕೂಗಲಿಲ್ಲ. ಎದ್ದು, ಎಡಗಾಲು ಎಳೆಯುತ್ತಾ ಒಳಗೆ ಹೆಂಡತಿಯನ್ನು ಕರೆಯಲು ಹೋದ. ನಾವು ಹೊರಟು ಬಂದೆವು. ಅವನು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅವನು ಆ ತಂಡಕ್ಕೆ ಬರೆದನಂತೆ. ಅಲ್ಲಿ ಇಪ್ಪತ್ತಾರರ ಹುಡುಗನೊಬ್ಬ ಕೂತಿದ್ದ, ಇವನಿಗೆ ನಲವತ್ತಮೂರು. ಕಲಿಸುವ ಕೆಲಸದಲ್ಲೇ ಇದ್ದಾನೆ. ನಮ್ಮ ಅಂಗಡಿಗೆ ಮತ್ತೆ ಬರಲಿಲ್ಲ.

ಮರುದಿನ ಮನೆಯಿಂದ ಒಂದು ಕುರ್ಚಿ ಒಯ್ದು ಅಂಗಡಿಯ ಕನ್ನಡಿಯ ಮುಂದೆ ಹಾಕಿದೆ. ಕೂತು ಕೆಲಸ ಮಾಡುವವರನ್ನು ಕೂರಿಸಿ, ಬಗ್ಗಿ ಕೆಲಸ ಮಾಡುವವರನ್ನು ಬಗ್ಗಿಸಿ ಅಳತೆ ತೆಗೆಯಬೇಕು ಎಂದು ಹೊಸಬರಿಗೆಲ್ಲ ಹೇಳಿಕೊಟ್ಟೆ. ನಾನು ಬಿಟ್ಟ ಮೇಲೂ ಕುರ್ಚಿ ಅಲ್ಲೇ ಇದೆ, ಡೇಲ್ ತೆಗೆದಿಲ್ಲ. ಮೊದಲನೆಯ ತಪ್ಪಿಗೆ ಅದನ್ನಾದರೂ ಮಾಡಿದೆ. ಗೊತ್ತಾದ ದಿನವೇ ಬಾಯಿ ಬಿಡದಿದ್ದ ತಪ್ಪಿಗೆ ಮಾಡಲು ಏನೂ ಸಿಗಲಿಲ್ಲ.