ಯಂತ್ರ ಆರಿಸಿದವನು

ಮಂಡಿಕಲ್ಲಿನ ಮಂಗಮ್ಮನ ಮಗ ವೆಂಕಟರಾಯಪ್ಪ ಊರಾಚೆಯ ತನ್ನ ಕೇರಿಯಲ್ಲಿ ಬಿ.ಎಸ್ಸಿ. ಓದಿದ ಮೊದಲಿಗ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಗಣಿತ ಓದಿ ಬಂದವನಿಗೆ ೧೯೬೨ರಲ್ಲಿ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ರೇಷ್ಮೆಗೂಡಿನ ಧಾರಣೆ ಯಾವ ತಿಂಗಳು ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಹಳೆಯ ಮಾರುಕಟ್ಟೆ ದರಗಳಿಂದ ಲೆಕ್ಕ ತೆಗೆದು ಹೇಳುವುದು ಅವನ ಪಾಲಿನ ಕೆಲಸ. ಅದನ್ನು ನೋಡಿಕೊಂಡು ರೈತರು ಹುಳು ಸಾಕಲು ಹಿಡಿಯುತ್ತಿದ್ದರು.

ಕೈಯಲ್ಲೇ ಗುಣಿಸಿ ಭಾಗಿಸಿ ಒಂದು ತಿಂಗಳದ್ದು ಮುಗಿಸುವಷ್ಟರಲ್ಲಿ ಮುಂದಿನ ತಿಂಗಳು ಬಂದು ಕೂತಿರುತ್ತಿತ್ತು. ಸಂಘ ಲೆಕ್ಕದ ಯಂತ್ರ ಕೊಳ್ಳಲು ಒಪ್ಪಿ, ಆರಿಸಿ ತರಲು ಅವನನ್ನೇ ಬೆಂಗಳೂರಿಗೆ ಕಳಿಸಿತು. ಅಂಗಡಿಯವನು ಮೊದಲು ತೋರಿಸಿದ್ದು ಕರೆಂಟಿನದು, ಥಳಥಳ ಹೊಳೆಯುವಂಥದು. ವೆಂಕಟರಾಯಪ್ಪ ಒಂದು ವಾರದ ದರಗಳನ್ನು ಅದಕ್ಕೆ ಕೊಟ್ಟು ನೋಡಿದ. ಕೂಡುವುದು ಕಳೆಯುವುದು ಬಿಟ್ಟು ಅದಕ್ಕೆ ಬೇರೇನೂ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ, ಹಿಡಿ ತಿರುಗಿಸುವ ಯಂತ್ರ ನೋಡಲು ಒರಟು. ಆದರೆ ಗುಣಿಸುತ್ತಿತ್ತು, ಭಾಗಿಸುತ್ತಿತ್ತು, ಶಿಡ್ಲಘಟ್ಟದ ಕರೆಂಟನ್ನು ನಂಬಿಕೊಂಡಿರಲಿಲ್ಲ. ಅದನ್ನೇ ಆರಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ.

ಅಧ್ಯಕ್ಷ ಚೆನ್ನರಾಯಪ್ಪನವರು ಅದನ್ನು ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ನೀನು ದರ ಬರ್ಕೊಡಪ್ಪ. ಮಿಷಿನ್ನು ನಮ್ಮ ಮುನಿಶಾಮಪ್ಪ ತಿರುಗಿಸ್ತಾನೆ," ಎಂದರು. ಮುನಿಶಾಮಪ್ಪ ಅವರ ಸೋದರಳಿಯ.

"ಸ್ವಾಮಿ, ಅದರ ರೀತಿ ತಿಳ್ಕೊಂಡು ತಂದೋನು ನಾನು."

"ಅವನೂ ಕಲೀತಾನೆ ಬಿಡು. ಆಯುಧಪೂಜೆಗೆ ಇಡೋ ಸಾಮಾನು. ನಾಳೆ ಹಿರೀಕರು ಏನಾದ್ರೂ ಅಂದಾರು."

ವೆಂಕಟರಾಯಪ್ಪನಿಗೆ ತಿಳಿಯಿತು. ಬೆಂಗಳೂರಿಂದ ಹೊತ್ತು ತರುವಾಗ ಇಲ್ಲದ ಮೈಲಿಗೆ ಬೀರು ಸೇರಿದ ಮೇಲೆ ಎಲ್ಲಿಂದ ಬಂತು? ಅವ್ವನ ಮುಖ ನೆನೆದು ಹಲ್ಲು ಕಚ್ಚಿಕೊಂಡ.

ಮುನಿಶಾಮಪ್ಪ ಬರೀ ದರಗಳನ್ನು ಕೂಡಿ ಭಾಗಿಸಿದ. ಹೆಚ್ಚಿನ ದರಕ್ಕೆ ಹೋದ ಒಂದು ಮಂಕರಿ ಗೂಡಿಗೂ, ಅಗ್ಗಕ್ಕೆ ಹೋದ ನೂರು ಮಂಕರಿಗೂ ಸರಾಸರಿಯಲ್ಲಿ ಒಂದೇ ಪಾಲು ಕೊಟ್ಟ. ದರವನ್ನು ಮಾರಿದ ತೂಕದಿಂದ ಗುಣಿಸಬೇಕೆಂದು ವೆಂಕಟರಾಯಪ್ಪ ಹೇಳಿದರೆ, "ಮಿಷಿನ್ನೇ ಹೇಳ್ತೈತಲ್ಲಪ್ಪ, ನಿಂದೇನು?" ಎಂದ. ಕಾರ್ತಿಕದಲ್ಲಿ ಒಳ್ಳೆ ಧಾರಣೆ ಎಂದು ಸಂಘದ ಹಲಗೆಯ ಮೇಲೆ ಬರೆಸಿದರು. ಅದನ್ನು ನಂಬಿ ಸಾದಲಿ, ದಿಬ್ಬೂರಹಳ್ಳಿಯವರೆಲ್ಲ ಒಟ್ಟಿಗೇ ಗೂಡು ತಂದರು. ಧಾರಣೆ ನೆಲಕಚ್ಚಿತು. ಗೂಡು ಇಟ್ಟುಕೊಂಡರೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ; ಕೇಳಿದಷ್ಟಕ್ಕೆ ಕೊಟ್ಟು ಹೋದರು.

ಜಗಳಕ್ಕೆ ಬಂದವರಿಗೆ ಅಧ್ಯಕ್ಷರು, "ಮಿಷಿನ್ನು ಆರಿಸಿದ್ದು, ಲೆಕ್ಕ ಕೊಟ್ಟಿದ್ದು ಎಲ್ಲಾ ವೆಂಕಟರಾಯಪ್ಪನೇ," ಎಂದುಬಿಟ್ಟರು.

ಈ ಮಾತು ಕಿವಿಗೆ ಬಿದ್ದ ಮೇಲೆ ಅವನು ಹಲ್ಲು ಕಚ್ಚಿಕೊಂಡು ಕೂರಲಿಲ್ಲ. ವಾರ್ಷಿಕ ಸಭೆಯಲ್ಲಿ, ಯಾರೂ ಕರೆಯದೆಯೇ, ಎದ್ದು ನಿಂತ.

"ಮಿಷಿನ್ನು ಆರಿಸಿದ್ದು ನಾನೇ. ತಂದ ದಿನದಿಂದ ಅದನ್ನ ಮುಟ್ಟೋಕೆ ನನ್ನ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅಂತ ಅಧ್ಯಕ್ಷರು ಇಲ್ಲೇ, ನಿಮ್ಮೆಲ್ಲರ ಮುಂದೆ ಹೇಳ್ಲಿ."

ಸದಸ್ಯರ ನಡುವಿನಿಂದ ಮುದುಕಿಯೊಬ್ಬಳು ಎದ್ದಳು. ದಿಬ್ಬೂರಹಳ್ಳಿಯ ಅಮ್ಮಾಜಮ್ಮ ಚೆನ್ನರಾಯಪ್ಪನವರ ಬಳಗದವಳೇ, ವಯಸ್ಸಿನಲ್ಲಿ ಹಿರಿಯಳು. ಆ ಸಲ ಅವಳ ಗೂಡೂ ಅಗ್ಗಕ್ಕೆ ಹೋಗಿತ್ತು.

"ತಪ್ಪು ಹೊರಿಸೋವಾಗ ಇವನ ಹೆಸರು ಬೇಕು, ಬೀಗದ ಕೈ ಕೊಡೋವಾಗ ಬ್ಯಾಡ. ಇದ್ಯಾವ ನ್ಯಾಯ ಕಣಪ್ಪ ಚೆನ್ನರಾಯಪ್ಪ?"

"ಯಾರು ಬ್ಯಾಡ ಅಂದ್ರು?" ಎಂದು ಅವರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಅವನ ಕೈಗೆ ಕೊಡಲಿಲ್ಲ. ಅದನ್ನೂ ಅವನು ಗಮನಿಸಿದ.

ಅಂದೇ ಮಧ್ಯಾಹ್ನ ಯಂತ್ರದ ಮುಂದೆ ಕೂತು ಹಿಂದಿನ ವರ್ಷಗಳ ದರಗಳನ್ನು ತೂಕ ಸೇರಿಸಿ ಗುಣಿಸಿದ. ಕಾರ್ತಿಕದ ಸರಾಸರಿ ಉಳಿದ ತಿಂಗಳುಗಳಿಗಿಂತ ಕೆಳಗೆ ಬಂತು. ಹಲಗೆ ಒರೆಸಿ ತಿಂಗಳುವಾರು ಸರಿಯಾದದ್ದನ್ನು ತಾನೇ ಬರೆದ, ಎಲ್ಲರೂ ಒಂದೇ ತಿಂಗಳಿಗೆ ಗೂಡು ತರಬೇಡಿ ಎಂದೂ ಕೆಳಗೆ ಸೇರಿಸಿದ. ಮುಂದಿನ ವರ್ಷ ರೈತರು ಬೇರೆ ಬೇರೆ ತಿಂಗಳಿಗೆ ಗೂಡು ತಂದರು, ಧಾರಣೆಯೂ ಬೀಳದೆ ನಿಂತಿತು. ಸಂಘದವರು ಮಾತ್ರ ಸಂಬಳ ಹೆಚ್ಚಿಸಿದ್ದು ಮುನಿಶಾಮಪ್ಪನಿಗೆ.

"ಹೋಗ್ಲಿ ಬಿಡಪ್ಪ, ಕೆಲಸ ಉಳೀತಲ್ಲ," ಎಂದಳು ಮಂಗಮ್ಮ.

"ಉಳೀತವ್ವ. ಯಾಕೆ ಮುಟ್ಟಬಾರ್ದು ಅಂತ ಕೇಳಿದ್ನಲ್ಲ, ಅದಕ್ಕೆ ಯಾರೂ ಇನ್ನೂ ಬಾಯಿ ಬಿಟ್ಟಿಲ್ಲ."

ಚಿಂತಾಮಣಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರ ಜಾಗ ಖಾಲಿಯಾದಾಗ ವೆಂಕಟರಾಯಪ್ಪ ಸಂಘ ಬಿಟ್ಟ. ಬೀಳ್ಕೊಡುಗೆಯ ಹಾರ ತಂದಿದ್ದರು. ಹಾಕಿಸಿಕೊಳ್ಳದೆ ಬಸ್ಸು ಹತ್ತಿದ.