ಬೆವರಂಗಿ ಅರಸನ ಹುಟ್ಟು

ಬೆದರುಬೊಂಬೆ ಅಂಗೀನ ಸೋಪು ಹಾಕಿ ಒಗೆದು, ನೀಲೀಲಿ ಅದ್ದಿ, ಇಸ್ತ್ರಿ ಮಾಡಿದ ಗಂಡಸು ಇಡೀ ತಾಳವಾಡಿ ಬೆಟ್ಟದಲ್ಲಿ ನಾನೊಬ್ಬನೇ ಇರಬೇಕು. ಇಸ್ತ್ರಿ ಅಂದದ್ದು ಸ್ವಲ್ಪ ಉಪ್ಪುಖಾರ. ದಿಂಬಿನ ಕೆಳಗೆ ಮಡಗಿ ಮಲಗಿದ್ದೆ, ಅಷ್ಟೇ.

ಆಗ ನಾನೊಂದು ಮಾಯಾಲೋಕದ ಕತೆ ಬರೀತಿದ್ದೆ. ರಾಕ್ಷಸರು ಬರದಂಗೆ ನಾಡಿನ ಗಡೀಲಿ ನಿಂತು ಕಾಯೋ ಹುಲ್ಲಿನ ಅರಸನ ಕತೆ. ಕತೆ ಮುಗೀತಾ ಬಂದಿತ್ತು, ಹೆಸರು ಮಾತ್ರ ಸಿಕ್ಕಿರಲಿಲ್ಲ. ಮಗೀಗಾದ್ರೆ ತಾತನ ಹೆಸರಿಟ್ಟು ಕೈ ತೊಳ್ಕೋಬಹುದು. ಹುಲ್ಲಲ್ಲಿ ಹುಟ್ಟಿದ ಅರಸನಿಗೆ ತಾತನ್ನ ಎಲ್ಲಿಂದ ತರೋದು? 'ವಜ್ರಕವಚದ ಚಕ್ರವರ್ತಿ' ಅಂತ ಇಟ್ಟು ನೋಡ್ದೆ. ನಮ್ಮೂರ ಬಸ್ಸಿನ ಮೇಲೆ ವಿಮಾನ ಅಂತ ಬರೆದಂಗಿತ್ತು.

ಇದೇ ಗುಂಗಲ್ಲಿದ್ದಾಗ ತಿಗನಾರೆಯ ಗೌರತ್ತೆ, ನಮ್ಮಪ್ಪನ ತಂಗಿ, ಮಾವನ ಹಳೇ ಅಂಗಿ ಕೊಟ್ಟು, ರಾಗಿ ಹೊಲದ ಬೊಂಬೆಗೆ ತೊಡಿಸು ಅಂದ್ಲು. ತೆನೆ ಬಲಿತಿತ್ತು. ಆ ತುಂಡು ಹೊಲವೇ ಅವರ ಮನೆಯ ವರ್ಷದ ಮುದ್ದೆ. ಅಂಗಿ ನಾತ ಮಾತ್ರ ನನ್ನ ಕೈಲಿ ತಡೆಯೋಕಾಗಲಿಲ್ಲ. ಅರಸನ ಪಾತ್ರದವನು ಅಂದಮೇಲೆ ಚೂರು ಮರ್ಯಾದೆ ಬೇಡ್ವಾ ಅಂತ ಒಗೆದೇಬುಟ್ಟೆ.

ತೊಡಿಸಿದ ಮಾರನೇ ಬೆಳಿಗ್ಗೆ ಹೋಗಿ ನೋಡಿದ್ರೆ, ಕಾಡಿನ ಕಡೆ ಮೂಲೇನ ಹಂದಿಗಳು ಮೇದು, ಹೊರಳಾಡಿ, ಚಾಪೆ ಮಾಡ್ಬುಟ್ಟಿದ್ವು. ನಡುವೆ ನನ್ನ ಅರಸ ಮದುವಣಿಗನಂಗೆ ಬೆಳ್ಳಗೆ ನಿಂತಿದ್ದ.

ಹಿಂದೇನೇ ಬಂದ ಅತ್ತೆ ನೆಟ್ಟಗೆ ಬೊಂಬೆ ಹತ್ರ ಹೋಗಿ ಅಂಗಿ ಮೂಸಿದ್ಲು.

"ಒಗ್ದಾ?"

"ಊಂ ಅತ್ತೆ, ನಾರ್ತಿತ್ತು."

"ನಾರ್ಲಿ ಅಂತ್ಲೇ ಕಣ್ಲಾ ನಿಮ್ಮಾವುನ್ ಮೈಯಿಂದ ಬಿಚ್ಚುಸ್ಕಂಡು ಅಂಗೇ ಮಡಗಿದ್ದು. ಅಂದಿ ಏನು ನಿನ್ನ ಅಂಗಿ ಅಂದ ನೋಡಕೆ ಬಂದದಾ? ಅದು ಮೂಗ್ನಲ್ಲೇ ಮನ್ಸನ್ನ ಕಾಣೋದು."

ಮಾವ ಊರಲ್ಲಿರಲಿಲ್ಲ. ಉಳಿದ ರಾಗಿ ಉಳೀಬೇಕಾದ್ರೆ ಸಂಜೆ ಒಳಗೆ ಆ ಅಂಗಿ ನಾರಬೇಕು. ಅತ್ತೆ ಅದನ್ನ ನನಗೇ ತೊಡಿಸಿ, ಕೈಗೆ ಕುಡುಗೋಲು ಕೊಟ್ಟು, ತುಳಿದ ಮೂಲೇನ ದನಕ್ಕೆ ಕುಯ್ಯಿ ಅಂದ್ಲು. ಮಧ್ಯಾಹ್ನದ ಹೊತ್ತಿಗೆ ನನ್ನ ಮೈಯಿಂದ ಹರಿದ ನೀರಲ್ಲಿ ಒಂದು ಗದ್ದೆ ನಾಟಿ ಮಾಡಬಹುದಿತ್ತು. ಸಂಜೆ ಅತ್ತೆ ಇನ್ನೊಂದ್ಸಲ ಮೂಸಿ, "ಈಗ ಮನ್ಸ ಅನ್ನಂಗದೆ" ಅಂದ್ಲು. ನನ್ನ ಬದುಕಲ್ಲಿ ಸಿಕ್ಕ ದೊಡ್ಡ ಬಿರುದು ಅದೇ.

ಅಂಗಿ ಮತ್ತೆ ಬೊಂಬೆ ಮೈಗೇರಿತು. ಮಾರನೇ ಬೆಳಿಗ್ಗೆ ಹಂದಿಗಳು ಬದುವಿನ ತನಕ ಬಂದು ವಾಪಸ್ಸು ಹೋದ ಗುರುತು ಮಾತ್ರ ಕಂಡಿತು. ಉಳಿದ ರಾಗಿ ಕಣ ಸೇರಿತು. ಕತೆಗೂ ಹೆಸರು ಸಿಕ್ಕಿತು: 'ಬೆವರಂಗಿ ಅರಸ'.

ಅದು ಅಚ್ಚಾದ ಮೇಲೆ ದಿಂಬಂ ಘಾಟಿಯ ಟೀ ಅಂಗಡೀಲಿ ಮೇಷ್ಟ್ರೊಬ್ಬರು ಹಿಡ್ಕೊಂಡ್ರು. "ಈ ಹೆಸರು ಶ್ರಮಸಂಸ್ಕೃತಿಯ ಆದಿಮ ಪ್ರತಿಮೆ, ಅಲ್ವೇನಪ್ಪಾ?" ಅಂದ್ರು. ಹಂದಿ ವಿಷಯಾನ ಟೀ ಜೊತೆ ನುಂಗಿ, "ಹೌದು ಸಾರ್" ಅಂದೆ. ದೊಡ್ಡ ದೊಡ್ಡ ಕತೆಗಳ ಹೆಸರಿನ ಹಿಂದೆಲ್ಲ ಹಿಂಗೇ ಒಂದೊಂದು ಹಂದಿ ಅಡಗಿರಬೇಕು ಅಂತ ಅವತ್ತಿಂದ ನನಗೆ ಗುಮಾನಿ.

ಕೊನೆಗೆ ಅತ್ತೆಗೂ ಕತೆ ಓದಿ ಹೇಳ್ದೆ. ರಾಗಿ ಕೇರ್ತಾ ಕೇಳಿದ್ಲು. ಬೆವರಂಗಿ ನಾತಕ್ಕೆ ರಾಕ್ಷಸರು ಓಡಿಹೋಗಿ, ಜನ ಅರಸನಿಗೆ ಜೈ ಅನ್ನೋ ಕಡೆ ಬಂದಾಗ ಮೊರ ನಿಲ್ಲಿಸಿದ್ಲು.

"ಅವ್ನು ನಿಂತೇ ಇದ್ನಲ್ಲ. ಬೆವ್ರು ಯಾರ್ದು?"

"ಊರೋರ್ದು, ಅತ್ತೆ."

"ಅಂಗಾದ್ರೆ ಎಸ್ರು ಸರ್ಯಾಗೇ ಮಡಗಿದ್ದೀಯ ಬುಡ್ಲಾ. ಅಂಗಿ ಯಾರ್ದೋ, ಬೆವ್ರು ಊರೋರ್ದು, ಜೈ ಮಾತ್ರ ಅವುನ್ಗೆ. ಎಲ್ಲಾ ಅರಸ್ರೂ ಅಂಗೇಯಾ."